ಅಪ್ಪನ ಡಿವಿಡೆಂಡು, ನಿನ್ನ ಅಲಾರಂ

ಮನೆಯಿಂದ,
ಸೋಮವಾರ, ಮಾರ್ಚ್ ಒಂಬತ್ತು

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೆಮ್ಮು ಇಳಿಯಿತಾ? ಸಮುದ್ರದ ನಡುವೆ ತೈಲಬಾವಿಯ ಕೆಲಸ, ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು ಎಂದರೆ ಹೆಲ್ಮೆಟ್ ಇದೆಯಲ್ಲಮ್ಮ ಅನ್ನುತ್ತೀಯ. ಹೆಲ್ಮೆಟ್ಟು ತಲೆಗೆ, ಕಿವಿಗಲ್ಲ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ, ಆದರೆ ಅವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅದನ್ನು ಎತ್ತಿಕೊಳ್ಳುವವರೂ ಅವರೇ. ಅದಕ್ಕೇ ಈ ಕಾಗದ.

ನಮ್ಮ ಮುಂದಿನ ಕೋಣೆ ಈಗ ಷೇರುಪೇಟೆಯಾಗಿದೆ. ಬೆಳಗಾದರೆ ಹಲ್ಲಿನ ಡಾಕ್ಟರು, ಡ್ರಾಯಿಂಗ್ ಮೇಷ್ಟ್ರು ಇಬ್ಬರೂ ಹಾಜರ್. ಕಾಫಿ ನನ್ನದು, ಅಭಿಪ್ರಾಯ ಅವರದು. ಎಲ್ಲೋ ಯುದ್ಧವಾಯಿತೆಂದರೆ ಕಚ್ಚಾ ತೈಲ ಏರುತ್ತದೆ ಎಂದು ಡಾಕ್ಟರು ಕೈ ಉಜ್ಜಿಕೊಳ್ಳುತ್ತಾರೆ. ಬ್ಯಾಟರಿ ಕಾರು ಬಂತು, ತೈಲದ ಕಥೆ ಮುಗಿಯಿತು, ಈಗಲೇ ಮಾರಿ ಎನ್ನುವುದು ಮೇಷ್ಟ್ರ ವಾದ. ಅದನ್ನು ಹೇಳಲು ಅವರು ಬರುವುದು ಹೊಗೆ ಕಾರುವ ಹಳೇ ಸ್ಕೂಟರಿನಲ್ಲಿ. ನಿನ್ನ ಅಪ್ಪನದು ಮೂರನೇ ದಾರಿ. ಬೆಲೆ ಏರಲಿ ಇಳಿಯಲಿ, ವರ್ಷವರ್ಷ ಲಾಭದ ಪಾಲು, ಅಂದರೆ ಡಿವಿಡೆಂಡ್, ಕೊಡುವ ಕಂಪನಿಯನ್ನು ಬಿಡಬಾರದಂತೆ. ನೀನು ಸೇರಿದ ವಾರವೇ ನಿನ್ನ ಕಂಪನಿಯ ಷೇರು ಕೊಂಡರಲ್ಲ, ತೆರಿಗೆಯ ಲೆಕ್ಕವೇನೋ ಹೇಳಿ ಎಲ್ಲವನ್ನೂ ನನ್ನ ಹೆಸರಿನಲ್ಲೇ ಕೊಂಡರು. ತೋರಿಸಿದ ಕಡೆ ನಾನೂ ಸಹಿ ಹಾಕಿದೆ. ಈಗ ಷೇರಿನ ಸುದ್ದಿ ಬರುವ ಪೇಪರುಗಳು ನಿನ್ನ ಮಂಚವನ್ನೂ ಬಿಡದೆ ತುಂಬಿಕೊಂಡಿವೆ. ನೀನು ಫೋನ್ ಮಾಡಿದರೆ ಊಟವಾಯಿತಾ ಎಂದು ಕೇಳುವ ಬದಲು, ಈ ವಾರ ಎಷ್ಟು ತೈಲ ತೆಗೆದಿರಿ ಎಂದು ಕೇಳುತ್ತಾರೆ. ನೀನೇನು ಅವರ ಮಗಳೋ, ವರದಿಗಾರ್ತಿಯೋ?

ಹೋದ ವಾರ ನೀನು ಅಳುದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಗ್ಯಾಸ್ ಸೋರಿದರೆ ಕೂಗಬೇಕಾದ ಅಲಾರಂ ಕೆಟ್ಟಿದೆ, ಅದೂ ನೀವು ಮಲಗುವ ಕಡೆಯದೇ, ರಿಪೇರಿಯನ್ನು ಮುಂದಿನ ವರ್ಷಕ್ಕೆ ತಳ್ಳಿದ್ದಾರೆ ಎಂದೆಯಲ್ಲ. ಅಪ್ಪ ಹುಷಾರಾಗಿರು ಎಂದು ಫೋನಿಟ್ಟರು. ಮರುದಿನ ನಾನು ಕಾಫಿ ತಂದಾಗ ಡಾಕ್ಟರ ಹತ್ತಿರ ಬಗ್ಗಿ ಹೇಳುತ್ತಿದ್ದರು: "ರಿಪೇರಿ ಎಲ್ಲಾ ಮುಂದಕ್ಕೆ ಹಾಕಿದಾರೆ. ಖರ್ಚು ಉಳೀತು ಅಂದ್ರೆ ಈ ಸಲ ಡಿವಿಡೆಂಡ್ ಜಾಸ್ತಿ. ನಾನಂತೂ ಇನ್ನಷ್ಟು ತಗೊಂಡೆ." ಡಾಕ್ಟರು ಅವರ ಕೈ ಕುಲುಕಿದರು.

ನನ್ನ ಮೈ ಉರಿದುಹೋಯಿತು ಕಣೇ. ಮಗಳು ಹೆದರಿಕೊಂಡು ಹೇಳಿದ್ದನ್ನು ಕೇಳಿ ಷೇರು ಕೊಳ್ಳುವ ಅಪ್ಪನನ್ನು ಎಲ್ಲಾದರೂ ಕಂಡಿದ್ದೀಯಾ? ಟ್ರೇಯನ್ನು ಅಲ್ಲೇ ಕುಕ್ಕಿ, "ಆ ಅಲಾರಂ ನಂಬ್ಕೊಂಡು ಮಲಗೋಳು ನಿಮ್ಮ ಮಗಳು. ಅದೂ ಉಳಿದ ಖರ್ಚಲ್ಲಿ ಸೇರಿದೆಯಾ?" ಎಂದೆ. ಮೇಷ್ಟ್ರು ಎದ್ದು ಚಪ್ಪಲಿ ಹುಡುಕಿದರು. ಮಾರುಕಟ್ಟೆ ಬೇರೆ, ಮನೆ ಬೇರೆ ಎಂದು ಡಾಕ್ಟರು ಏನೋ ಗೊಣಗಿದರು. ನಿನ್ನ ಅಪ್ಪ ಚೆಲ್ಲಿದ ಕಾಫಿಯನ್ನು ಕೈಯಲ್ಲಿದ್ದ ಪೇಪರಿನಿಂದಲೇ ಒರೆಸತೊಡಗಿದರು. ಅವರು ಕೆಟ್ಟವರಲ್ಲ, ಅದು ನನಗೂ ಗೊತ್ತು. ಕಂಪನಿ ಎಂದರೆ ಅವರಿಗೆ ಪೇಪರಿನ ಅಂಕಿ. ಅದರೊಳಗೆ ನೀನು ಹಾಸಿಗೆ ಹಾಸಿಕೊಂಡು ಮಲಗಿದ್ದೀಯೆಂಬುದು ತಲೆಗೆ ಹೊಳೆದೇ ಇರಲಿಲ್ಲ. ಹಾಗೆಂದು ಕ್ಷಮಿಸುವ ಮನಸ್ಸು ನನಗಿನ್ನೂ ಬಂದಿಲ್ಲ.

ಹೊತ್ತುಹೊತ್ತಿಗೆ ಉಣ್ಣು. ಬಾಗಿಲ ಪಕ್ಕದ ಹಾಸಿಗೆಯನ್ನು ಜಗಳವಾಡಿಯಾದರೂ ಪಡೆದುಕೋ. ನೀನು ತಣ್ಣಗಿರು, ನನಗೆ ಅಷ್ಟೇ ಸಾಕು.

ನಿನ್ನ
ಅಮ್ಮ

ಅಂಚೆಗೆ ಹಾಕುವ ಮುಂಚೆ ಇದೊಂದು: ಶುಕ್ರವಾರ ನಿನ್ನ ಕಂಪನಿಯ ಷೇರುದಾರರ ಸಭೆ. ಷೇರುದಾರಳು ನಾನು, ಕರೆ ಬಂದಿರುವುದೂ ನನಗೇ. ಹೋಗಿ, ಎಲ್ಲರೆದುರು ಎದ್ದು ನಿಂತು, ನನ್ನ ಡಿವಿಡೆಂಡ್ ಕಡಿಮೆಯಾದರೂ ಸರಿ, ಆ ಅಲಾರಂ ಯಾವತ್ತು ರಿಪೇರಿ ಮಾಡಿಸುತ್ತೀರಿ ಎಂದು ಕೇಳುತ್ತೇನೆ. ನಿನ್ನ ಹೆಸರೆತ್ತುವುದಿಲ್ಲ, ಆದರೂ ಹೇಳಿದವರು ಯಾರೆಂದು ಅವರಿಗೆ ಗೊತ್ತಾಗದೆ ಇರುವುದಿಲ್ಲ. ಕೆಲಸ ಹೋದರೆ ಮನೆಗೆ ಬಂದುಬಿಡು. ಇವತ್ತು ನಿನ್ನ ಮಂಚ ಖಾಲಿಯಾಯಿತು. ಪೇಪರಿನ ಕಟ್ಟುಗಳನ್ನು ಒಂದೊಂದಾಗಿ ಹೊತ್ತು ರದ್ದಿಯವನಿಗೆ ಕೊಟ್ಟು ಬಂದವರು ನಿನ್ನ ಅಪ್ಪನೇ.