ಉಪ್ಪು, ಇದ್ದಿಲು, ಒಂದು ಕೊಡ ನೀರು

ಮಾರ್ಚ್ ೩೦, ೨೦೦೮. ಪಿರಿಯಾಪಟ್ಟಣ

ತಮ್ಮ ಕನಕರಾಜು, ನೀನು, ಪ್ರಮೀಳಾ, ನಮ್ಮವ್ವ ಚಿಕ್ಕಬೀರಮ್ಮ ಎಲ್ಲರೂ ಆರೋಗ್ಯವೇ? ಅವ್ವನ ಮಂಡಿ ನೋವು ಹೇಗಿದೆ...

ಇಷ್ಟಕ್ಕೇ ನಿಂತಿತು. ಯಾವ ಕಾಗದವನ್ನೂ ಮೊದಲು ಈ ಡೈರಿಯಲ್ಲಿ ಬರೆದು, ತಿದ್ದಿ, ಆಮೇಲೆ ಇನ್‌ಲ್ಯಾಂಡಿಗೆ ಇಳಿಸುವುದು ರೂಢಿ. ಇದು ಇಳಿಯುತ್ತಿಲ್ಲ. ಕೆ.ಆರ್. ನಗರದಿಂದ ತಮ್ಮನನ್ನು ಸಹಾಯಕ್ಕೆ ಕರೆಸಬೇಕಂತೆ. ಸುನಂದಮ್ಮ ಮೇಡಮ್ ಮಾತು.

ನಾನು ರಿಪೇರಿಗಿರುವ ಅವರ ಕಂಪ್ಯೂಟರ್ ಸೆಂಟರಿನಲ್ಲಿ, ಎಲ್ಲ ಕಂಪ್ಯೂಟರಿಗೂ ನೆಟ್ ಹಂಚುವ ಸ್ವಿಚ್ ಡಬ್ಬಿಯಲ್ಲಿ ಕೇಬಲ್ ಚುಚ್ಚುವ ಎರಡು ಪೋರ್ಟ್ ಒಂದೇ ತಿಂಗಳಲ್ಲಿ ಸತ್ತವು. ಮಹಡಿಯ ಕಂಬದ ಮೇಲೆ ಬಿಳಿ ರೇಡಿಯೋ ಡಬ್ಬಿ, ಬೆಟ್ಟದಪುರದ ಕಡೆಯಿಂದ ನೆಟ್ ಹಿಡಿಯುವುದು. ಅದರ ಕೇಬಲ್ ಚುಚ್ಚಿದ ಪೋರ್ಟೇ ಸಾಯುತ್ತದೆ. ಉಳಿದವು ಚೆನ್ನಾಗಿವೆ. ಕೇಬಲ್ ಬದಲಿಸಿದೆ. ಕಾರಣ ಸಿಗಲಿಲ್ಲ. ಮೂವತ್ತು ವರ್ಷ ರೇಡಿಯೋ ಬಿಚ್ಚಿದ ಕೈ ಇದು.

ಏಪ್ರಿಲ್ ೩

ಕಾಗದ ಹಾಕಲಿಲ್ಲ. ಮೇಡಮ್ಮೇ ಅವನಿಗೆ ಫೋನ್ ಮಾಡಿದರಂತೆ.

ಏಪ್ರಿಲ್ ೪, ಸಂಜೆ

ಬಂದ. ಮಹಡಿ ಹತ್ತಿದ. ಹತ್ತು ನಿಮಿಷ.

"ಅಣ್ಣಯ್ಯ, ಕಂಬಕ್ಕೆ ಅರ್ತೇ ಕೊಟ್ಟಿಲ್ವಲ್ಲ. ಗಾಳಿ ಗುಡುಗಿಗೆ ರೇಡಿಯೋದಲ್ಲಿ ಸೇರ್ಕಂಡ ಕರೆಂಟು ಕೇಬಲ್ಲಲ್ಲಿ ಇಳ್ದು ಪೋರ್ಟ್ ಸುಡ್ತಾ ಅದೆ ಕಣ."

ಏರಿಯಲ್ಲಿಗೆ ಅರ್ತ್ ಬೇಕು, ಕರೆಂಟು ಮಣ್ಣಿಗಿಳಿಯಲು ದಾರಿ ಬೇಕು ಎಂದು ಅವನಿಗೆ ಹೇಳಿಕೊಟ್ಟವನು ನಾನು. ಗುಂಡಿ ತೆಗೆದು, ಪೈಪು ಹೂತು, ಕಂಬದಿಂದ ಅದಕ್ಕೆ ತಂತಿ ಎಳೆದು, ಇದ್ದಿಲು ಉಪ್ಪು ತುಂಬಿಸಿದ.

"ಬ್ಯಾಸ್ಗೆ ಮುಗಿಯೋಗಂಟ ದಿನಾ ಒಂದು ಕೊಡ ನೀರು ಉಯ್ಯಿ ಅಣ್ಣಯ್ಯ. ಒಣಗಿದ್ರೆ ಕರೆಂಟು ಮಣ್ಣಿಗೆ ಇಳಿಯಾಕಿಲ್ಲ."

"ಇದು ನಿಮಗೆ ಹೊಳೀಲೇ ಇಲ್ವಾ ಸಣ್ಣಬೀರಯ್ಯನವರೇ?" ಎಂದರು ಮೇಡಮ್, ನಗುತ್ತಾ. ಕಾಫಿ ಮೊದಲು ಅವನಿಗೆ ಕೊಟ್ಟರು. ಹುಣಸೂರು, ಭೇರ್ಯ, ಹ್ಯಾಂಡ್‌ಪೋಸ್ಟ್‌ನಲ್ಲಿ ತಾವು ನಡೆಸುವ ಇನ್ನು ಮೂರು ಸೆಂಟರುಗಳನ್ನೂ ಅವನೇ ನೋಡಿಕೊಳ್ಳಲಿ ಎಂದರು. ಅಣ್ಣ ನೀರು ಹೊರುವವನು... ಇರಲಿ.

ಏಪ್ರಿಲ್ ೫

ಒಂದು ಕೊಡ ಹೊಯ್ದೆ.

ಏಪ್ರಿಲ್ ೭

ಅರ್ಧ ಕೊಡ. ಮೇಡಮ್ ಬಂದವರಿಗೆಲ್ಲ ಅವನ ಕಥೆಯನ್ನೇ ಹೇಳುತ್ತಾರೆ.

ಏಪ್ರಿಲ್ ೮

ಹೊಯ್ಯಲಿಲ್ಲ. ಬುದ್ಧಿವಂತನ ಗುಂಡಿ, ತಾನಾಗೇ ಕೆಲಸ ಮಾಡಲಿ.

ಏಪ್ರಿಲ್ ೧೯

ನಿನ್ನೆ ಸಂಜೆ ಗುಡುಗು. ಮಳೆ ನಾಲ್ಕೇ ಹನಿ. ಮೂರನೇ ಪೋರ್ಟ್ ಹೋಯಿತು, ಜೊತೆಗೆ ರೇಡಿಯೋವೂ. ಬೆಳಗಿನಿಂದ ಬಂದವರೆಲ್ಲ ವಾಪಸ್. ಮೇಡಮ್ ಫೋನಿನಲ್ಲಿ ಅವನಿಗೆ ಬೈದದ್ದು ರಸ್ತೆಗೂ ಕೇಳಿಸಿತು. ಸುಳ್ಳೇಕೆ, ಒಳಗೆ ಸ್ವಲ್ಪ ತಂಪಾಯಿತು.

ಮಧ್ಯಾಹ್ನ ಬಂದ. ಗುಂಡಿಗೆ ಕೈ ಹಾಕಿದ. ಒಣಗಿ ಹುಡಿಯಾದ ಉಪ್ಪು ಅಂಗೈಯಲ್ಲಿ ಬಂತು. ನನ್ನ ಮುಖ ನೋಡಿದ. ಉಪ್ಪನ್ನು ಪಂಚೆಗೆ ಒರೆಸಿಕೊಂಡು ಒಳಗೆ ಹೋದ.

"ನಂದೇ ತಪ್ಪು ಮೇಡಮ್. ಗುಂಡಿ ಆಳ ಸಾಲ್ದು."

"ಹಾಗಾದ್ರೆ ಮಿಕ್ಕ ಸೆಂಟರಿಗೆ ಬೇರೆಯವರನ್ನ ನೋಡ್ತೀನಿ ಬಿಡಿ."

ಕಾಫಿ ಯಾರಿಗೂ ಬರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೇ ನಡೆದೆವು. "ಅವ್ವ ನಿನ್ನ ಕೇಳ್ತಿದ್ಲು" ಎಂದ. ಅಷ್ಟೇ.

ಏಪ್ರಿಲ್ ೨೧

ನಿನ್ನೆ ಊಟ ಸೇರಲಿಲ್ಲ. ಬೆಳಿಗ್ಗೆ ಮೇಡಮ್‌ಗೆ ಹೇಳಿಬಿಟ್ಟೆ. ನೀರು ಹಾಕದವನು ನಾನು, ಗುಂಡಿಯ ತಪ್ಪಲ್ಲ, ಅವನದಲ್ಲ.

ಮೇಡಮ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸೆಂಟರ್ ಅವರಿಗೇ ಕೊಡ್ತೀನಿ. ಆದ್ರೆ ನಾನು ಫೋನ್ ಮಾಡಲ್ಲ. ನೀವೇ ಬರೀರಿ."

ಏಪ್ರಿಲ್ ೨೨

ಕನಕ, ನೀನು, ಪ್ರಮೀಳಾ, ಅವ್ವ ಹೇಗಿದ್ದೀರಿ? ಮೂರು ಸೆಂಟರೂ ನಿನ್ನವೇ. ಮೇಡಮ್‌ಗೆ ಎಲ್ಲ ಹೇಳಿದ್ದೇನೆ. ನೀನು ನನ್ನ ಮಾನ ಉಳಿಸಿದ್ದಕ್ಕೆ ನನಗೆ ಮತ್ತೂ ಹೊಟ್ಟೆ ಉರಿಯಿತು ಕಣೋ, ಅದನ್ನೂ ಬರೆದಿಡುತ್ತಿದ್ದೇನೆ. ಇವತ್ತು ಎರಡು ಕೊಡ ಹೊಯ್ದೆ. ಬೈದಾದರೂ ಸರಿ, ಬೇಗ ಒಂದು ಕಾಗದ ಬರಿ. ಅದು ಬರುವವರೆಗೆ ದಿನಾ ನಾನೇ ನೀರು—