ಮೊದಲ ತುತ್ತು ಮನೆಯವರದು

ಗುರುವಾರ, ನವೆಂಬರ್ ೧೪

ಪ್ರೀತಿಯ ಇವಳೇ,

ನಾವೆಲ್ಲ ಕ್ಷೇಮ. ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ಪತ್ರ ತಡವಾಯಿತೆಂದು ಬೈಯಬೇಡ. ಬೈಯಲು ಇದಕ್ಕಿಂತ ಒಳ್ಳೆಯ ಕಾರಣ ಮುಂದಿದೆ, ಅದಕ್ಕೆ ಉಳಿಸಿಕೋ. ಫೋನಿನಲ್ಲಿ ನೀನು "ನನ್ನ ಅಣಬೆ ಹೇಗೆ ಹೋಯ್ತು?" ಎಂದಾಗಲೆಲ್ಲ ನಾನು "ಹಲೋ, ಹಲೋ, ಕೇಳಿಸ್ತಾ ಇಲ್ಲ" ಎನ್ನುತ್ತಿದ್ದೆನಲ್ಲ, ಚೆನ್ನಾಗಿಯೇ ಕೇಳಿಸುತ್ತಿತ್ತು.

ನೀನು ಕಲಿಸಲು ಹೋದ ಬೆಳೆಗಾರರು ಅಣಬೆಗೆ ಹುಲ್ಲು ಬೇಯಿಸಿ ಚೀಲ ತುಂಬುವುದನ್ನು ಕಲಿತರೇ? ನಿನ್ನ ಪಾಠ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ, ಎರಡನೇ ಸಲ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಇಲ್ಲಿ ನಮ್ಮ ಅಣಬೆ ಸಂಘದ ಶೆಡ್ಡಿನಲ್ಲಿ ಎಲ್ಲವೂ ಸರಿಯಾಗಿದೆ. ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದೇನೆ. ನಿನ್ನ ಬೂದುಬಣ್ಣದವು ಚೀಲದ ತೂತುಗಳಿಂದ ಕಿವಿ ಚಾಚಿಕೊಂಡು ನಿಂತಿವೆ, ನಾನು ಏನು ಹೇಳುತ್ತೇನೋ ಕೇಳೋಣ ಎನ್ನುವ ಹಾಗೆ.

ಸಂತೆಯ ವಿಷಯಕ್ಕೆ ಬರುತ್ತೇನೆ.

ಸಂಘದ ಮಳಿಗೆಗೆ ಅಂದು ಜನ ಚೆನ್ನಾಗಿಯೇ ಬಂದಿದ್ದರು. ಕಾಲುವೆ ದಂಡೆಯ ಕೊಳೆತ ಮರದ ಮೇಲೆ ಬೆಳೆಯುತ್ತಿದ್ದ ಕಾಡು ಅಣಬೆಯನ್ನು ನೀನು ಚೀಲದಲ್ಲಿ ಬೆಳೆಸಿದ್ದೀಯೆಂದರೆ ನೋಡಲು ಬರದೆ ಇರುತ್ತಾರೆಯೇ? ಅರ್ಧ ಜನ ನೋಡಲು, ಇನ್ನರ್ಧ ಜನ ಅದು ವಿಷದ ನಾಯಿಕೊಡೆಯೇ ಎಂದು ಸಾರಲು. ಅಧ್ಯಕ್ಷರು ಒಲೆ ಹಚ್ಚಿದರು. ಹೊಸ ಅಣಬೆ ಯಾವುದೇ ಬರಲಿ, ಬೆಳೆದವರ ಮನೆಯವರು ಗಿರಾಕಿಗಳ ಎದುರೇ ಬೇಯಿಸಿ ಮೊದಲ ತುತ್ತು ತಿನ್ನಬೇಕು ಎನ್ನುವುದು ನಮ್ಮ ಸಂಘದ ಪದ್ಧತಿ. ಅದಕ್ಕೆ ಬೋರ್ಡು ಬರೆದುಕೊಟ್ಟವನೂ ನಾನೇ: "ಬೆಳೆದವರು ಮೊದಲು ಉಂಡರು, ಕಂಡವರು ಆಮೇಲೆ ಕೊಂಡರು." ನೀನಿಲ್ಲದ್ದರಿಂದ ತಿನ್ನುವ ಸರದಿ ನನ್ನದು.

ಈರುಳ್ಳಿ ಬಾಡಿತು, ಅಣಬೆ ಬಿತ್ತು. ಬಿದ್ದದ್ದೇ ತಡ, ಬಾಣಲೆಯಲ್ಲಿ ಕಪ್ಪು ನೀರು ಬಿಟ್ಟಿತು. ಬಿಡುತ್ತದೆ ಎಂದು ನೀನು ಹೇಳಿದ್ದೆ. ಪ್ರಯೋಗಾಲಯದವರು ಒಳ್ಳೆಯದೆಂದು ಬರೆದುಕೊಟ್ಟಿದ್ದರು. ನೀನು ತಿಂಗಳುಗಟ್ಟಲೆ ಅದನ್ನೇ ತಿಂದು ನನ್ನ ಕಣ್ಣೆದುರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದೆ. ಎಲ್ಲ ಗೊತ್ತಿತ್ತು ಕಣೇ. ಆದರೂ ಚಮಚ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು.

"ಸ್ವಲ್ಪ ಬಿಸಿ ಇದೆ" ಎಂದು ಊದಿದೆ. ಮತ್ತೆ ಊದಿದೆ. ಆ ಹೊತ್ತಿಗೆ ಅದು ಐಸ್‌ಕ್ರೀಮ್ ಆಗಿರಬೇಕು.

"ಏನ್ರೀ, ಊದಿ ಆರಿಸ್ತಿದ್ದೀರೋ, ಹಾರಿಸ್ತಿದ್ದೀರೋ?" ಎಂದಳು ಟೈಲರಮ್ಮ. ಎಲ್ಲರೂ ನಕ್ಕರು. ಪ್ರಾಸ ನನಗೂ ಹಿಡಿಸಿತು. ಆದರೆ ನಗು ಬರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದು ತಟ್ಟೆ ಕಿತ್ತುಕೊಂಡರು. "ಕೊಡಿ ಅಳಿಯಂದ್ರೇ, ನನಗೆ ಬಿಸೀನೇ ಇಷ್ಟ." ನಿಂತಲ್ಲೇ ಪೂರ್ತಿ ತಿಂದು, ತಟ್ಟೆಯನ್ನು ಬೆರಳಿನಿಂದ ಒರೆಸಿ, "ಖಾರ ಒಂಚೂರು ಕಮ್ಮಿ" ಎಂದರು.

ಆದರೆ ಜನ ನೋಡುತ್ತಿದ್ದುದು ಅವರ ಬಾಯನ್ನಲ್ಲ, ನನ್ನ ಮುಖವನ್ನು. ವಾರವಾರ ತೆಗೆದುಕೊಳ್ಳುತ್ತೇನೆ ಎಂದಿದ್ದ ಹೋಟೆಲಿನವನು ಆರಿಸಿಟ್ಟಿದ್ದ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟ. "ತಪ್ಪು ತಿಳೀಬೇಡಿ. ಗಂಡನೇ ತಿನ್ನದ್ದನ್ನ ನಾನು ಗಿರಾಕಿಗೆ ಹೇಗೆ ಬಡಿಸ್ಲಿ?" ಆ ದಿನ ಉಳಿದ ಸದಸ್ಯರ ಬಿಳಿ ಅಣಬೆಯೂ ಮಾರಾಟವಾಗದೆ ವಾಪಸು ಬಂತು.

ಸಂಜೆಯ ಸಭೆಯಲ್ಲಿ, ನಿನ್ನ ಚೀಲಗಳನ್ನೆಲ್ಲ ಇಳಿಸಿ ಆ ಜಾಗದಲ್ಲಿ ಬಿಳಿಯದನ್ನೇ ಕಟ್ಟೋಣ ಎಂದರು. ಇಷ್ಟು ವರ್ಷದ ನಿನ್ನ ಕೆಲಸ. ಎದ್ದು ನಿಂತು ಬೇಡ ಎನ್ನಬೇಕಾದವನು ನಾನು ನೆಲದ ಗಾರೆ ನೋಡುತ್ತ ಕೂತಿದ್ದೆ. ಮಾತಾಡಿದ್ದು ಅತ್ತೆ. "ಬೆಳೆದವಳು ಬರೋ ತನಕ ಒಂದು ಚೀಲಾನೂ ಮುಟ್ಟಬೇಡಿ. ಮುಟ್ಟಿದ್ರೆ ನಾನು ಶೆಡ್ಡಲ್ಲೇ ಹಾಸಿಗೆ ಹಾಸ್ತೀನಿ."

ಅಧ್ಯಕ್ಷರು ಒಂದು ಸಂತೆಯ ಅವಕಾಶ ಕೊಟ್ಟಿದ್ದಾರೆ. ಅದೂ ಒಂದು ಷರತ್ತಿನ ಮೇಲೆ: "ಅವರೇ ಬಂದು ತಿನ್ನಲಿ. ಯಜಮಾನರು ದಯವಿಟ್ಟು ತಕ್ಕಡಿ ಹತ್ರ ನಿಂತ್ಕೊಳ್ಳಲಿ." ನಾನು ಒಪ್ಪಿದ್ದೇನೆ. ಒಪ್ಪದೆ ಇರಲು ನನ್ನ ಬಳಿ ಮುಖವೆಲ್ಲಿದೆ?

ಮುಂದಿನ ಸಂತೆ ಸೋಮವಾರ, ಅದರೊಳಗೆ ಬಾ. ಕೋಪದಲ್ಲೇ ಬಾ, ಪರವಾಗಿಲ್ಲ. ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ. ಅಲ್ಲಿ ಚಳಿ ಜಾಸ್ತಿಯಂತೆ, ಕಿವಿ ಮುಚ್ಚಿಕೊಂಡು ಓಡಾಡಬೇಕಂತೆ. ನೀನು ನೂರು ಕಾಲ ಚೆನ್ನಾಗಿರು ಎಂದು ನಾನೂ ಹಾರೈಸುತ್ತೇನೆ, ನನ್ನ ಹಾರೈಕೆಗೆ ಈಗ ಎಷ್ಟು ಬೆಲೆಯೋ ತಿಳಿಯದು.

ನಿನ್ನ,
"ಇವರು"

ತಾ.ಕ.: ಕೊನೆಗಾದರೂ ತಿಂದಿರಾ ಎಂದು ನೀನು ಕೇಳುತ್ತೀಯ. ತಿಂದೆ. ಸಂತೆಯ ಮರುದಿನ ಅತ್ತೆ ಎದ್ದು, ಹಲ್ಲುಜ್ಜಿ, ಕಾಫಿಗೆ ಸಕ್ಕರೆ ಸಾಲದೆಂದು ನನ್ನನ್ನು ಗದರಿದರು. ಅಷ್ಟನ್ನೂ ನೋಡಿಕೊಂಡ ಮೇಲೆ ಶೆಡ್ಡಿಗೆ ಹೋಗಿ, ಬಾಗಿಲು ಹಾಕಿಕೊಂಡು, ಬೇಯಿಸಿ ತಿಂದೆ. ಬಹಳ ರುಚಿಯಾಗಿತ್ತು. ತಲೆ ಎತ್ತಿದರೆ ಕಿಟಕಿಯಲ್ಲಿ ಅತ್ತೆ. "ನಾನು ಬದುಕಿದೀನಿ ಅಂತ ಖಾತ್ರಿ ಆಯ್ತಾ, ಅಳಿಯಂದ್ರೇ?" ಎಂದರು. ನಾನು ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದೆ. "ತಿನ್ನಿ ತಿನ್ನಿ. ಅವಳಿಗೆ ನಾನು ಹೇಳಲ್ಲ" ಎಂದು ಹೊರಟುಹೋದರು. ಅವರು ಹೇಳುವುದಿಲ್ಲ, ನನಗೆ ಗೊತ್ತು. ಅದಕ್ಕೇ ಬರೆದೆ.