ಮೂರು ಸಲ ಒತ್ತಿದ ಗುಂಡಿ

ಶನಿವಾರ, ಮಧ್ಯಾಹ್ನ ಮೂರೂವರೆ
ನಾಟಕಮಂದಿರದ ಮೆಟ್ಟಿಲ ಮೇಲೆ

ಪ್ರೀತಿಯ ತಂಗಿಗೆ,

ಆಗ ಫೋನಿನಲ್ಲಿ, ನಾನು ನುಡಿಸುವ ಕೀಬೋರ್ಡ್ ಕೈಕೊಟ್ಟಿತು ಎಂದೆನಲ್ಲ, ಅದನ್ನು ನಂಬಿದ್ದರೆ ಈ ಕಾಗದವನ್ನು ಕೂತುಕೊಂಡು ಓದು. ಕೀಬೋರ್ಡ್ ಗಟ್ಟಿಮುಟ್ಟಾಗಿದೆ. ಕೆಟ್ಟಿದ್ದು ಅದರ ಮುಂದೆ ಕೂತವನು. ಫೋನಿನಲ್ಲಿ ನನ್ನ ನಾಲಗೆ ಸುಳ್ಳಿನ ಕಡೆಗೇ ಹೊರಳುತ್ತದೆ. ಕಾಗದದಲ್ಲಿ ಕೈ ಸ್ವಲ್ಪ ನಿಧಾನ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಇಷ್ಟು ದೊಡ್ಡ ಸಂಗೀತ ನಾಟಕಕ್ಕೆ ನುಡಿಸುತ್ತಾನೆ ಎಂದು ನೀನು ಹತ್ತು ಮನೆಗೆ ಹೇಳಿಕೊಂಡು ಬಂದಿದ್ದೀಯ. ಹನ್ನೊಂದನೆಯ ಮನೆಗೆ ನಾನೇ ಹೇಳಿದ್ದೇನೆ. ಕೂತಲ್ಲಿ ಕೂರದ ನಿನ್ನ ಮಗಳನ್ನು, ನಮ್ಮ ಮಿಡತೆಯನ್ನು, ಎರಡು ತಿಂಗಳು ಮನೆಯಲ್ಲಿಟ್ಟುಕೊಂಡು ಹಾಡು ಕಲಿಸಿದೆ. ನಾಟಕದಲ್ಲಿ ಅಕ್ಕನ ಪಾತ್ರಕ್ಕೆ ಹುಡುಗಿ ಆಗಲೇ ಸಿಕ್ಕಿದ್ದಳು. ತಂಗಿಯ ಪಾತ್ರಕ್ಕೆ ಇವತ್ತು ಉಳಿದವರು ಇಬ್ಬರೇ: ನಮ್ಮವಳು, ಮತ್ತೆ ನಮಗೆ ಉಡುಪು ಹೊಲಿಯುವ ದರ್ಜಿಯ ಮಗಳು.

ನಿರ್ದೇಶಕಿ ಮೇಡಂದು ಒಂದು ಪದ್ಧತಿ. ಕೊನೆಯ ಸುತ್ತಿನಲ್ಲಿ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂರುತ್ತಾರೆ. ಮುಖ ಬೇಡ, ಹೆಸರು ಬೇಡ, ದನಿ ಸಾಕು. ಒಂದು, ಎರಡು ಎಂದು ನಂಬರು ಮಾತ್ರ. ಯಾವ ದನಿ ಯಾರದು ಎಂದು ಗೊತ್ತಿರುವವನು ಆ ಕೋಣೆಯಲ್ಲಿ ನಾನೊಬ್ಬನೇ. ಹೋದ ವಾರ ನಿನಗೆ ಎಲ್ಲ ನನ್ನ ಕೈಯಲ್ಲಿದೆ ಅಂದಿದ್ದೆ. ಕೊಚ್ಚಿಕೊಂಡ ಮಾತು ಹೀಗೆ ನಿಜವಾಗುತ್ತದೆ ಅಂದುಕೊಂಡಿರಲಿಲ್ಲ.

ಕೀಬೋರ್ಡಿನ ಎಡಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇದೆ. ಒಮ್ಮೆ ಒತ್ತಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ದರ್ಜಿಯ ಮಗಳು ಬಂದು ನಿಂತು, ಗಂಟಲು ಸರಿಮಾಡಿಕೊಳ್ಳಲು ಒಂದು ಸಾಲು ಗುನುಗಿದಳು ನೋಡು, ನಮ್ಮವಳಿಗೆ ಪಾತ್ರ ಸಿಗುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಅಂಥ ದನಿ. ಬೆರಳು ಗುಂಡಿಯನ್ನು ಮೂರು ಸಲ ಒತ್ತಿತು. ಬೆರಳು ಒತ್ತಿತು ಅಂತ ಬರೆದೆ. ಬೆರಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು, ಒತ್ತಿದವನು ನಾನು.

ಮಗು ಮೊದಲ ಸಾಲಿಗೇ ನನ್ನ ಕಡೆ ನೋಡಿತು. ಆದರೂ ಹಾಡಿತು. ಕಡೆಯ ಏರುಸಾಲಿನಲ್ಲಿ ದನಿ ಸೀಳಿತು. ನಾನು ಒಳಗೊಳಗೇ ಮೀಸೆ ತಿರುವಿದೆ. ಆ ಖುಷಿಯಲ್ಲಿ, ತಂಗಿ, ಶ್ರುತಿಯನ್ನು ಮತ್ತೆ ಕೆಳಗಿಳಿಸುವುದನ್ನು ಮರೆತೆ.

ಎರಡನೆಯ ನಂಬರು ನಮ್ಮವಳು. ಎರಡು ತಿಂಗಳು ನನ್ನ ಅಡುಗೆಮನೆಯಲ್ಲಿ ನಿಂತು ಹಾಡಿದ ಹಾಡು ಅದೇ ಸಾಲಿಗೆ ಬಂದು ಅದೇ ಥರ ಸೀಳಿತು. ನಡುವೆ ಇಳಿಸಿದ್ದರೆ ಮೇಡಂ ಕಿವಿಗೆ ಸಿಕ್ಕಿಬೀಳುತ್ತಿದ್ದೆ. ತಲೆ ಬಗ್ಗಿಸಿ ನುಡಿಸುತ್ತಲೇ ಹೋದೆ. ಮೇಡಂ ಎದ್ದು, ಇಬ್ಬರಿಂದಲೂ ಆಗಲಿಲ್ಲ, ಹೋದ ವಾರ ಬೇಡವೆಂದು ಬಿಟ್ಟ ಹುಡುಗಿಯ ಹೆಸರನ್ನೇ ಐದು ಗಂಟೆಗೆ ಬಾಗಿಲಿಗೆ ಅಂಟಿಸುತ್ತೇನೆ ಎಂದರು. ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸಿತು ಅಂತ ನಮ್ಮ ಮೇಷ್ಟ್ರು ನನ್ನನ್ನೇ ತೋರಿಸಿ ಹೇಳುತ್ತಿದ್ದರು, ನೆನಪಿದೆಯಾ?

ಹೊರಗೆ ದರ್ಜಿ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ, ನಿನ್ನೆ ತಣ್ಣೀರು ಕುಡಿಯಬೇಡ ಅಂದಿದ್ದೆನಲ್ಲ ಎಂದು ಮಗಳಿಗೆ ಹೇಳುತ್ತಿದ್ದ. ಆ ಮಗು ಹೌದೆಂದು ತಲೆಯಾಡಿಸಿತು. ತಪ್ಪು ತನ್ನದೇ ಎಂದು ಒಪ್ಪಿಕೊಂಡಿತು.

ನಮ್ಮ ಮಿಡತೆ ಅಳಲಿಲ್ಲ. ನನ್ನನ್ನು ಈ ಮೆಟ್ಟಿಲ ಹತ್ತಿರ ಎಳೆದುಕೊಂಡು ಬಂದು ಮೆಲ್ಲಗೆ ಹೇಳಿದಳು:

“ಮಾವ, ಅದು ನಮ್ಮ ಅಡುಗೆಮನೆ ಶ್ರುತಿ ಅಲ್ಲ. ಅವಳಿಗೂ ಮೇಲೇ ಇತ್ತು. ನೀನು ಹೇಳ್ತೀಯಾ, ನಾನು ಹೇಳ್ಲಾ?”

ನಿಮ್ಮಮ್ಮನಿಗೆ ಎರಡು ಸಾಲು ಬರೆದು ಬರುತ್ತೇನೆ ಎಂದು ಅವಳಿಗೆ ಹೇಳಿದೆ. ಆ ಎರಡು ಸಾಲು ಇಷ್ಟುದ್ದ ಆಯಿತು. ಈಗ ನಾಲ್ಕೂ ಹತ್ತು. ಹೇಳಿದರೆ ಹದಿನಾರು ವರ್ಷ ಕೂತ ಸ್ಟೂಲು ಹೋಗುತ್ತದೆ, ದರ್ಜಿಗೆ ಮುಖ ತೋರಿಸುವ ಹಾಗಿರುವುದಿಲ್ಲ. ಹೇಳದಿದ್ದರೆ ಇವಳೇ ಹೇಳುತ್ತಾಳೆ, ಆಮೇಲೆ ಇವಳಿಗೂ ತೋರಿಸುವ ಹಾಗಿರುವುದಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಾಳೆ, ಹುಟ್ಟಿದ ಮೇಲೆ ಮೊದಲ ಸಲ ಅಲ್ಲಾಡದೆ. ನನಗೆ ಹೆದರಿಕೆಯಾಗುತ್ತಿರುವುದು ಅದಕ್ಕೇ.

ಒಳಗೆ ಹೋಗುತ್ತೇನೆ.

ನಿನ್ನ ಬಡಾಯಿ ಅಣ್ಣ

ತಾ.ಕ.: ಐದೂಮುಕ್ಕಾಲು. ಎಲ್ಲ ಒಪ್ಪಿಕೊಂಡೆ. ಮೇಡಂ ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಇಬ್ಬರನ್ನೂ ಮತ್ತೆ ಹಾಡಿಸಿದರು. ನುಡಿಸಲು ಬೇರೆ ಯಾರೂ ಇರಲಿಲ್ಲ, ಹಾಗಾಗಿ ನನ್ನನ್ನೇ ಕೂರಿಸಿದರು, ಇದೇ ಕೊನೆ ಎಂದು ಹೇಳಿ. ದರ್ಜಿಯ ಮಗಳು ಹಾಡುವಷ್ಟು ಹೊತ್ತೂ ನಿನ್ನ ಮಗಳು ಆ ಗುಂಡಿಯನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದಳು. ತನ್ನ ಸರದಿ ಬಂದಾಗ ಆ ಹುಡುಗಿಯನ್ನು ಕರೆದು ಅದೇ ಜಾಗದಲ್ಲಿ ನಿಲ್ಲಿಸಿದಳು. ಬಾಗಿಲ ಮೇಲಿರುವುದು ದರ್ಜಿಯ ಮಗಳ ಹೆಸರು. ನಮ್ಮವಳು ಚೆನ್ನಾಗಿ ಹಾಡಿದಳು, ಅವಳು ಇನ್ನೂ ಚೆನ್ನಾಗಿ ಹಾಡಿದಳು. ಹತ್ತು ಮನೆಗೂ ಹೀಗೇ ಹೇಳು. ನಾವೀಗ ಮನೆಗೆ ಹೊರಟಿದ್ದೇವೆ. ನಿನ್ನ ಮಗಳು ತನಗಿಂತ ಉದ್ದದ ಕೀಬೋರ್ಡ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ. ನನ್ನ ಕೈಗೆ ಕೊಡುತ್ತಿಲ್ಲ.